ಫಿನಾಯಿಲ್‌ಗೆ ಹೋಗದ ನಾತ: ಬೆಕ್ಕು ಲಿಟರ್ ಟ್ರೇ ಬಿಟ್ಟಾಗ ಏನು ಮಾಡಬೇಕು

ಬೆಕ್ಕು ಹಾಸಿಗೆಯ ಮೇಲೋ ಸೋಫಾದ ಮೂಲೆಯಲ್ಲೋ ಮೂತ್ರ ಮಾಡಿದೆ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಹೊರಗೆ ಬರುವುದು ಫಿನಾಯಿಲ್ ಬಾಟಲಿ. ನೆಲ ಒರೆಸಿ, ಊದುಬತ್ತಿ ಹಚ್ಚಿ, ಬೆಕ್ಕನ್ನು ಗದರಿಸಿ ಬಾಲ್ಕನಿಗೆ ಅಟ್ಟಿದರೆ ಆ ದಿನದ ಮಟ್ಟಿಗೆ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಮೂರು ದಿನ ಬಿಟ್ಟು, ಅದರಲ್ಲೂ ಮಳೆ ಹಿಡಿದ ದಿನ, ಅದೇ ಮೂಲೆಯಿಂದ ಅದೇ ನಾತ ಏಳುತ್ತದೆ, ಬೆಕ್ಕೂ ಅಲ್ಲಿಗೇ ಹೋಗಿ ಕೂರುತ್ತದೆ. ನಾತ ಹೋಗದಿರುವುದು ಮತ್ತು ಬೆಕ್ಕು ತನ್ನ ಮಲಮೂತ್ರಕ್ಕೆಂದು ಲಿಟರ್ ಎಂಬ ಮರಳಿನಂಥ ಪುಡಿ ಹಾಕಿಟ್ಟ ಟ್ರೇಗೆ ಹೋಗದಿರುವುದು ಎರಡು ಬೇರೆ ಬೇರೆ ತೊಂದರೆಗಳೆಂದು ಹೆಚ್ಚಿನವರು ತಿಳಿದಿರುತ್ತಾರೆ. ನಿಜದಲ್ಲಿ ಅವು ಒಂದನ್ನೊಂದು ಪೋಷಿಸುತ್ತವೆ. ಬೆಕ್ಕು ಟ್ರೇ ಬಿಡಲು ಕಾರಣವಾದದ್ದು ಉಳಿದಿರುವಾಗ ಎಷ್ಟು ತೊಳೆದರೂ ಹೊಸ ಕಲೆ ಬೀಳುತ್ತಲೇ ಇರುತ್ತದೆ. ಕಾರಣ ಹೋಗಿಯೂ ನಾತ ಉಳಿದಿದ್ದರೆ ಬೆಕ್ಕಿನ ಮೂಗಿಗೆ ಆ ಜಾಗವೇ ಶೌಚಾಲಯವಾಗಿ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಹಿಡಿಯಬೇಕು, ಮತ್ತು ಎರಡಕ್ಕೂ ಮೊದಲು ಕಾಯಿಲೆ ಇದೆಯೇ ಎಂಬುದನ್ನು ತಿಳಿದುಕೊಳ್ಳಬೇಕು.

ಇದರಲ್ಲಿ ಒಂದು ಸಂಗತಿ ಗಂಟೆಗಳ ಲೆಕ್ಕದ್ದು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದಾಗಿರುತ್ತದೆ. ಹರಳಿನ ಪುಡಿಯೋ ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಸಂಪೂರ್ಣ ನಿಂತುಹೋಗುತ್ತದೆ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕುಳಿತು ತಿಣುಕುತ್ತದೆ, ನರಳುತ್ತದೆ, ಜನನಾಂಗವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಹನಿ ಮೂತ್ರವೂ ಬರುವುದಿಲ್ಲ, ಅಥವಾ ರಕ್ತ ಬೆರೆತ ಒಂದೆರಡು ಹನಿ ಬರುತ್ತದೆ. ಇದನ್ನು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸಿ ಬೆಳಗಾಗುವವರೆಗೆ ಕಾಯುವವರಿದ್ದಾರೆ. ಕಾಯುವ ಹಾಗಿಲ್ಲ. ಹೊರಹೋಗಬೇಕಾದ ಪೊಟ್ಯಾಶಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಎರಡು ಮೂರು ದಿನಗಳೊಳಗೆ ಬೆಕ್ಕು ಸಾಯಬಹುದು. ಅದೇ ರಾತ್ರಿ ವೈದ್ಯರಲ್ಲಿಗೆ ಒಯ್ಯಬೇಕು. ಗಂಡು ಬೆಕ್ಕು ಸಾಕುವವರು ತಮ್ಮ ಊರಿನಲ್ಲಿ ಬೆಕ್ಕಿಗೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಬಲ್ಲ ಪಶುವೈದ್ಯರು ಎಲ್ಲಿದ್ದಾರೆ, ರಾತ್ರಿ ಯಾವುದು ತೆರೆದಿರುತ್ತದೆ ಎಂಬುದನ್ನು ಅಗತ್ಯ ಬೀಳುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಲೇಸು. ನೋವು ಕಡಿಮೆಯಾಗಲಿ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವ ಯೋಚನೆಯನ್ನಂತೂ ಮಾಡಲೇಬಾರದು, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇಷ್ಟು ತುರ್ತಿನದಲ್ಲದ ಕಾಯಿಲೆಗಳೂ ಬೆಕ್ಕನ್ನು ಟ್ರೇಯಿಂದ ದೂರ ಮಾಡುತ್ತವೆ. ವಯಸ್ಸಾದ ಬೆಕ್ಕಿನಲ್ಲಿ ಮೂತ್ರಪಿಂಡ ಸೋತಿದ್ದರೆ ಅಥವಾ ಸಕ್ಕರೆ ಕಾಯಿಲೆ ಬಂದಿದ್ದರೆ ಮೂತ್ರದ ಪ್ರಮಾಣವೇ ಹೆಚ್ಚಿ ಟ್ರೇ ಬೇಗ ತೋಯುತ್ತದೆ. ಕೀಲುನೋವಿರುವ ಮುದಿ ಬೆಕ್ಕಿಗೆ ಎತ್ತರದ ಅಂಚು ದಾಟುವುದೇ ಕಷ್ಟವಾಗಿರುತ್ತದೆ. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಮೂತ್ರದ ತೊಂದರೆಗೆ ಅರ್ಧಕ್ಕಿಂತ ಹೆಚ್ಚು ಸಲ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಮೂತ್ರಕೋಶದ ಒಳಪದರ ಉರಿಗೊಂಡಿರುತ್ತದೆ, ಅದಕ್ಕೆ ಮುಖ್ಯ ಪ್ರೇರಣೆ ಮನಸ್ಸಿನ ಒತ್ತಡ. ಇದನ್ನು ವೈದ್ಯರು ಕಾರಣ ಕಾಣದ ಮೂತ್ರಕೋಶದ ಉರಿಯೂತ ಎನ್ನುತ್ತಾರೆ. ಔಷಧ ಕೊಡದಿದ್ದರೂ ಅದು ಸಾಮಾನ್ಯವಾಗಿ ಒಂದು ವಾರದಲ್ಲಿ ತಗ್ಗುತ್ತದೆ, ಆದರೆ ಮರಳಿ ಮರಳಿ ಬರುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥ ಬೆಕ್ಕುಗಳ ಮನೆಯ ವಾತಾವರಣವನ್ನು ಬದಲಿಸಿ ನೋಡಿತು. ಅಡಗಿಕೊಳ್ಳಲು ಜಾಗ, ಏರಿ ಕೂರಲು ಎತ್ತರ, ಆಟ, ಹೆಚ್ಚು ನೀರು, ಸರಿಯಾದ ಟ್ರೇ ಇಷ್ಟನ್ನು ಒದಗಿಸಿದಾಗ ಮೂತ್ರದ ಲಕ್ಷಣಗಳ ಜೊತೆಗೆ ಬೆಕ್ಕುಗಳ ಭಯವೂ ಕಡಿಮೆಯಾಗಿತ್ತು. ಈ ಕಾಯಿಲೆಯಲ್ಲಿ ಬೆಕ್ಕು ಟ್ರೇಯನ್ನು ನೋವಿನೊಂದಿಗೆ ಜೋಡಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಅಲ್ಲಿ ಕೂತಾಗಲೆಲ್ಲ ಉರಿದರೆ, ಮೆತ್ತಗಿರುವ ಬೇರೆ ಜಾಗವನ್ನು ಅದು ಹುಡುಕುತ್ತದೆ. ಹಾಸಿಗೆ ಕಾಣುವುದು ಆಗಲೇ.

ಕಾಯಿಲೆಯಿಲ್ಲ ಎಂದಾದ ಮೇಲೆ ಕೇಳಬೇಕಾದ ಪ್ರಶ್ನೆ, ಬೆಕ್ಕು ಮೂತ್ರ ವಿಸರ್ಜಿಸುತ್ತಿದೆಯೋ ಗುರುತು ಹಾಕುತ್ತಿದೆಯೋ ಎಂಬುದು. ಕುಳಿತು, ನೆಲದ ಮೇಲೆ ಅಥವಾ ಹಾಸಿಗೆಯ ಮೇಲೆ ದೊಡ್ಡ ಕಲೆ ಮಾಡಿದರೆ ಅದು ವಿಸರ್ಜನೆ. ನಿಂತುಕೊಂಡು, ಬಾಲ ಮೇಲೆತ್ತಿ ನಡುಗಿಸುತ್ತ, ಗೋಡೆಗೋ ಪರದೆಗೋ ಬಾಗಿಲಿಗೋ ಸ್ವಲ್ಪವೇ ಚಿಮ್ಮಿಸಿದರೆ ಅದು ಗುರುತು. ಎರಡನೆಯದಕ್ಕೆ ಟ್ರೇ ಬದಲಿಸಿ ಪ್ರಯೋಜನವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಆಮೇಲೂ ಉಳಿದರೆ ಕಿಟಕಿಯಾಚೆ ಕಾಂಪೌಂಡಿನ ಮೇಲೆ ಬಂದು ಕೂರುವ ಬೀದಿ ಬೆಕ್ಕನ್ನು ಗಮನಿಸಬೇಕು. ಆ ಕಿಟಕಿಯ ಕೆಳಭಾಗಕ್ಕೆ ಹಾಳೆ ಅಂಟಿಸಿ ಮರೆ ಮಾಡುವುದರಿಂದಲೇ ಎಷ್ಟೋ ಮನೆಗಳಲ್ಲಿ ತೊಂದರೆ ತಗ್ಗುತ್ತದೆ.

ಈಗ ನಾತದ ವಿಷಯ. ಮನೆ ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡುಗಳ ಕಾಡುಬೆಕ್ಕು. ನೀರು ಸಿಗದ ನೆಲದಲ್ಲಿ ಬದುಕಿದ ಆ ವಂಶದ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಂಡು ಬಹಳ ಗಟ್ಟಿಯಾದ ಮೂತ್ರವನ್ನು ಹೊರಹಾಕುತ್ತವೆ. ಅದರಲ್ಲಿ ಎರಡು ಬಗೆಯ ವಾಸನೆಗಳು ಹುಟ್ಟುತ್ತವೆ, ಮತ್ತು ಅವನ್ನು ಬಿಡಿಸಿ ತಿಳಿಯದೆ ತೊಳೆಯಲು ಹೊರಡುವುದೇ ಸೋಲಿಗೆ ಕಾರಣ. ಒಂದು ಕಣ್ಣು ಉರಿಸುವ ಘಾಟು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುವುದರಿಂದ ಬರುವ ಈ ಘಾಟು ಗಾಳಿಯಾಡಿದರೆ, ನೀರು ಹಾಕಿದರೆ ಬೇಗ ತಗ್ಗುತ್ತದೆ. ಇನ್ನೊಂದು ಗೋಡೆಗೆ ಅಂಟಿದಂತೆ ಉಳಿಯುವ ನಾತ. ಇದು ಗಂಧಕದ್ದು. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲವಿರುತ್ತದೆ. ತಾಜಾ ಮೂತ್ರದಲ್ಲಿ ಅದಕ್ಕೆ ಅಷ್ಟು ವಾಸನೆಯಿಲ್ಲ. ನಿಧಾನವಾಗಿ ಅದು ಒಡೆದು ಥಯೋಲ್ ಗುಂಪಿನ ವಸ್ತುವಾಗುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಸಿಲಿಂಡರಿಗೆ ಬೆರೆಸುವ ಈಥೈಲ್ ಮರ್ಕ್ಯಾಪ್ಟಾನ್ ಕೂಡ ಇದೇ ಗುಂಪಿನದು. ಅತ್ಯಲ್ಪ ಪ್ರಮಾಣವನ್ನೂ ನಮ್ಮ ಮೂಗು ಹಿಡಿಯುತ್ತದೆ ಎಂಬ ಕಾರಣಕ್ಕೇ ಅದನ್ನು ಅಲ್ಲಿ ಬಳಸುತ್ತಾರೆ. ಜಪಾನಿನ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು 2006ರಲ್ಲಿ ಬೆಕ್ಕಿನ ಮೂತ್ರದಲ್ಲಿರುವ ಕಾಕ್ಸಿನ್ ಎಂಬ ಪ್ರೋಟೀನು ಫೆಲಿನೈನ್ ತಯಾರಿಗೆ ಕಾರಣವೆಂದು ತೋರಿಸಿದರು. ಸಂತಾನಹರಣವಾಗದ ಗಂಡು ಬೆಕ್ಕಿನಲ್ಲಿ ಇದು ಬಹಳ ಹೆಚ್ಚು, ಶಸ್ತ್ರಚಿಕಿತ್ಸೆಯ ನಂತರ ಬಹಳ ಕಡಿಮೆ. ಗಂಡು ಬೆಕ್ಕಿನ ಮೂತ್ರದ ನಾತ ಬೇರೆಯೇ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಹೀಗೆ ಆಧಾರವಿದೆ.

ಯೂರಿಕ್ ಆಮ್ಲದ ಹರಳುಗಳೇ ಈ ನಾತಕ್ಕೆ ಕಾರಣವೆಂಬ ಮಾತು ಬಹಳ ಕಡೆ ಓದಲು ಸಿಗುತ್ತದೆ. ಬೆಕ್ಕಿನ ದೇಹ ಹೆಚ್ಚಿನ ಯೂರಿಕ್ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಮಾರ್ಪಡಿಸಿಬಿಡುವುದರಿಂದ ಆ ವಿವರಣೆಯನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಒಣಗಿದ ಶೇಷ ತೇವ ಹೀರಿದಾಗ ವಾಸನೆಯ ಕಣಗಳು ಮತ್ತೆ ಗಾಳಿಗೆ ಬಿಡುಗಡೆಯಾಗುತ್ತವೆ ಎಂಬುದಂತೂ ಅನುಭವದ ಮಾತು. ಬೇಸಿಗೆಯಲ್ಲಿ ಸುಮ್ಮನಿದ್ದ ಮೂಲೆ ಆಷಾಢದಲ್ಲಿ ಎಚ್ಚರಗೊಳ್ಳುವುದು ಇದಕ್ಕೇ, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಈ ಹೋರಾಟ ಹೆಚ್ಚು ಕಠಿಣವಾಗುವುದೂ ಇದಕ್ಕೇ.

ಹಾಗಾದರೆ ಫಿನಾಯಿಲ್ ಏಕೆ ಬೇಡ? ಅದು ನಾತದ ಗಂಧಕದ ವಸ್ತುಗಳನ್ನು ಇಲ್ಲವಾಗಿಸುವುದಿಲ್ಲ, ತನ್ನ ವಾಸನೆಯನ್ನು ಅವುಗಳ ಮೇಲೆ ಹೊದಿಸುತ್ತದೆ ಅಷ್ಟೆ. ಅದಕ್ಕಿಂತ ದೊಡ್ಡ ಕಾರಣ, ಅದು ಬೆಕ್ಕಿಗೆ ವಿಷ. ಕಪ್ಪು ಫಿನಾಯಿಲ್‌ನಲ್ಲಿ ಕಲ್ಲಿದ್ದಲು ಡಾಂಬರಿನ ಫಿನಾಲ್ ಜಾತಿಯ ವಸ್ತುಗಳಿರುತ್ತವೆ, ಬಿಳಿಯದರಲ್ಲಿ ಪೈನ್ ಎಣ್ಣೆ ಇರುತ್ತದೆ. ಇಂಥವನ್ನು ದೇಹದಿಂದ ಹೊರಹಾಕಲು ಬೇಕಾದ ಯಕೃತ್ತಿನ ಒಂದು ಎನ್‌ಜೈಮ್ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುವುದೂ ಇದೇ ಕೊರತೆಯಿಂದ. ಒರೆಸಿದ ನೆಲದ ಮೇಲೆ ಬೆಕ್ಕು ನಡೆಯುತ್ತದೆ, ಆಮೇಲೆ ಪಂಜ ನೆಕ್ಕಿಕೊಳ್ಳುತ್ತದೆ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನುಸಿಗುಳಿಗೆ ಇವುಗಳಿಗೂ ಇದೇ ಎಚ್ಚರಿಕೆ ಬೇಕು. ಬ್ಲೀಚಿಂಗ್ ಪುಡಿಯ ಅಪಾಯ ಮನುಷ್ಯರಿಗೂ ಇದೆ. ಮೂತ್ರದ ಅಮೋನಿಯಾದೊಂದಿಗೆ ಬೆರೆತು ಅದು ಕ್ಲೋರಮೈನ್ ಎಂಬ ಉಸಿರುಗಟ್ಟಿಸುವ ಅನಿಲ ಬಿಡುತ್ತದೆ, ಬಚ್ಚಲು ತೊಳೆಯುವ ಆಸಿಡ್ಡಿನೊಂದಿಗೆ ಬೆರೆತರೆ ಕ್ಲೋರಿನ್ನನ್ನೇ ಬಿಡುತ್ತದೆ.

ತೊಳೆಯುವ ಕ್ರಮ ಸರಳ, ಆದರೆ ತಾಳ್ಮೆ ಬೇಡುತ್ತದೆ. ಹಸಿ ಮೂತ್ರವನ್ನು ಉಜ್ಜಬಾರದು. ಹಳೆಯ ಬಟ್ಟೆಯನ್ನು ಒತ್ತಿ ಹಿಡಿದು ಆದಷ್ಟನ್ನೂ ಹೀರಿಸಬೇಕು, ಬಳಿಕ ತಣ್ಣೀರು ಹಾಕಿ ಮತ್ತೊಮ್ಮೆ ಹೀರಿಸಬೇಕು. ಹಳೆಯ ಕಲೆ ಎಲ್ಲಿದೆ ಎಂದು ತಿಳಿಯದಿದ್ದರೆ ಕತ್ತಲೆಯಲ್ಲಿ ಯು.ವಿ. ಟಾರ್ಚು ಹಿಡಿದು ನೋಡಬೇಕು, ಒಣಗಿದ ಮೂತ್ರ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ನಾವು ಒಂದೇ ಕಲೆ ಎಂದುಕೊಂಡಿದ್ದ ಕಡೆ ಐದಾರು ಕಂಡರೆ ಅಚ್ಚರಿಪಡಬೇಕಿಲ್ಲ. ಆಮೇಲೆ ಸಾಕುಪ್ರಾಣಿಗಳ ಮೂತ್ರಕ್ಕೆಂದೇ ತಯಾರಾದ ಎನ್‌ಜೈಮ್ ಕ್ಲೀನರನ್ನು ಹಾಕಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೇಲೆ ಸಿಂಪಡಿಸಿ ಎರಡು ನಿಮಿಷದಲ್ಲಿ ಒರೆಸಿಬಿಡುವುದು. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ದ್ರವವೂ ಅಷ್ಟೇ ಆಳಕ್ಕೆ ಇಳಿಯಬೇಕು, ಮತ್ತು ಎನ್‌ಜೈಮ್ ಕೆಲಸ ಮಾಡುವುದು ತೇವವಿರುವಷ್ಟು ಹೊತ್ತು ಮಾತ್ರ. ಆದ್ದರಿಂದ ಚೆನ್ನಾಗಿ ತೋಯಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಲವು ಗಂಟೆ ಬಿಟ್ಟು, ಅನಂತರ ಒಣಗಿಸಬೇಕು. ಮೊದಲೇ ಸೋಪು, ಡೆಟ್ಟಾಲ್, ಫಿನಾಯಿಲ್ ಹಾಕಿದ್ದರೆ ಅವುಗಳ ಶೇಷ ಎನ್‌ಜೈಮನ್ನು ಕೆಡಿಸುವುದರಿಂದ ಬರೀ ನೀರಿನಲ್ಲಿ ಎರಡು ಸಲ ತೊಳೆದ ಮೇಲೆಯೇ ಇದನ್ನು ಬಳಸಬೇಕು. ಕಿತ್ತಳೆ, ನಿಂಬೆ ಸಿಪ್ಪೆಗೆ ಬೆಲ್ಲ ಹಾಕಿ ಮೂರು ತಿಂಗಳು ಹುದುಗಿಸುವ ಮನೆಯ ಬಯೋ ಎನ್‌ಜೈಮ್ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಜನಪ್ರಿಯವಾಗಿದೆ. ನೆಲ ಒರೆಸಲು ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಹುಳಿ ದ್ರಾವಣ, ಹೆಸರಿನಲ್ಲಿ ಎನ್‌ಜೈಮ್ ಇದ್ದ ಮಾತ್ರಕ್ಕೆ ಈ ಕೆಲಸಕ್ಕೆ ಸಮನಾಗುವುದಿಲ್ಲ.

ಹುಳಿಯ ಬಗ್ಗೆ ಇನ್ನೊಂದು ಮಾತು. ವಿನೆಗರ್ ಹಾಕಿರಿ ಎಂಬ ಸಲಹೆ ಎಲ್ಲೆಡೆ ಇದೆ, ಅಮೋನಿಯಾದ ಘಾಟಿಗೆ ಅದು ಕೆಲಸ ಮಾಡುವುದೂ ಹೌದು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ನೆಲ ಶಹಾಬಾದ್ ಕಲ್ಲಿನದು, ಕಡಪ ಕಲ್ಲಿನದು, ಅಮೃತಶಿಲೆಯದು, ಇಲ್ಲವೇ ಮೊಸಾಯಿಕ್. ಸುಣ್ಣದಂಶವಿರುವ ಇವೆಲ್ಲವನ್ನೂ ಆಮ್ಲ ತಿನ್ನುತ್ತದೆ. ಹೊಳಪು ಹೋದ ಒರಟು ಮೇಲ್ಮೈ ಮುಂದಿನ ಸಲ ಮೂತ್ರವನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವುದಿಲ್ಲ, ಅವುಗಳ ನಡುವಿನ ಸಂದು ಹೀರುತ್ತದೆ. ಅಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಬೇಕಾಗುತ್ತದೆ.

ಎನ್‌ಜೈಮ್ ಕ್ಲೀನರ್ ಸಿಗದ ಊರುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ನೆರವಿಗೆ ಬರುತ್ತದೆ. ಥಯೋಲ್‌ಗಳನ್ನು ಅದು ಉತ್ಕರ್ಷಿಸಿ ವಾಸನೆಯಿಲ್ಲದ ವಸ್ತುಗಳಾಗಿ ಮಾರ್ಪಡಿಸುವುದರಿಂದ ನಾತದ ಮೂಲಕ್ಕೇ ಕೈಹಾಕಿದಂತಾಗುತ್ತದೆ. ಶೇಕಡಾ 3ರ ದ್ರಾವಣ ಸಾಕು. ಔಷಧದಂಗಡಿಯ ಬಾಟಲಿಯ ಮೇಲೆ ಶೇಕಡಾ 6 ಎಂದಿದ್ದರೆ ಅಷ್ಟೇ ನೀರು ಬೆರೆಸಬೇಕು. ಅದಕ್ಕೆ ಸ್ವಲ್ಪ ಅಡುಗೆ ಸೋಡಾ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಆಗಲೇ ಬಳಸಬೇಕು. ಬಾಟಲಿಗೆ ತುಂಬಿ ಮುಚ್ಚಳ ಹಾಕಿಟ್ಟರೆ ಅನಿಲ ತುಂಬಿ ಸಿಡಿಯಬಹುದು. ಬಣ್ಣದ ಬಟ್ಟೆಯನ್ನು ಇದು ಬೆಳ್ಳಗಾಗಿಸುವುದರಿಂದ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು, ಮತ್ತು ಒಣಗುವವರೆಗೆ ಬೆಕ್ಕನ್ನು ಆ ಕಡೆ ಬಿಡಬಾರದು. ಹತ್ತಿಯ ಹಾಸಿಗೆ ಒಳಗಿನವರೆಗೆ ಹಲವು ಸಲ ತೋಯ್ದಿದ್ದರೆ ಮಾತ್ರ ನನ್ನ ಅಭಿಪ್ರಾಯ ನೇರವಾಗಿದೆ: ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ. ಹೊಸ ಹಾಸಿಗೆಗೆ ಮೊದಲ ದಿನವೇ ನೀರು ಇಳಿಯದ ಹೊದಿಕೆ ಹಾಕುವುದು ಜಾಣತನ.

ಇನ್ನು ಟ್ರೇ. ಹಳ್ಳಿಯ ಬೆಕ್ಕಿಗೆ ಹಿತ್ತಲಿನ ಸಡಿಲ ಮಣ್ಣು, ಒಲೆಯ ಬೂದಿ ಸುರಿದ ತಿಪ್ಪೆ ಇತ್ತು. ಬೆಂಗಳೂರಿನ ಬೀದಿ ಬೆಕ್ಕು ಇಂದಿಗೂ ಕಟ್ಟಡದ ಮುಂದೆ ಸುರಿದ ಎಂ-ಸ್ಯಾಂಡ್ ರಾಶಿಯನ್ನು ಹುಡುಕಿಕೊಂಡು ಹೋಗುತ್ತದೆ. ನುಣ್ಣಗಿನ, ಸಡಿಲವಾದ, ಕೆದರಿ ಮುಚ್ಚಬಹುದಾದ ನೆಲ ಬೆಕ್ಕಿಗೆ ಸಹಜವಾಗಿ ಬೇಕಾದದ್ದು. ಅಮೆರಿಕದಲ್ಲೂ ಬೂದಿ, ಮರಳುಗಳೇ ಬಳಕೆಯಲ್ಲಿದ್ದವು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ ಲೋವ್ ಎಂಬವರು ನೀರು ಹೀರುವ ಜೇಡಿಯನ್ನು ನೆರೆಯವರ ಬೆಕ್ಕಿಗೆ ಕೊಟ್ಟಲ್ಲಿಂದ ಲಿಟರ್ ವ್ಯಾಪಾರ ಆರಂಭವಾಯಿತು. ಇಂದು ಹೆಚ್ಚು ಬಳಕೆಯಲ್ಲಿರುವ ಗಟ್ಟಿಯಾಗುವ ಲಿಟರ್ ಬೆಂಟೊನೈಟ್ ಜೇಡಿಯದು. ನಮ್ಮ ದೇಶದಲ್ಲಿ ಆ ಜೇಡಿ ಕಚ್ಛ್ ಪ್ರದೇಶದಲ್ಲಿ ಹೇರಳವಾಗಿದೆ. ಸುವಾಸನೆ ಬೆರೆಸದ, ನುಣ್ಣಗಿನ, ಗಟ್ಟಿಯಾಗುವ ಲಿಟರನ್ನೇ ಹೆಚ್ಚಿನ ಬೆಕ್ಕುಗಳು ಆರಿಸಿಕೊಳ್ಳುತ್ತವೆ. ಲ್ಯಾವೆಂಡರ್ ವಾಸನೆ ನಮ್ಮ ಸಮಾಧಾನಕ್ಕಾಗಿ ಇರುವುದು, ಬೆಕ್ಕಿಗೆ ಅದು ಕಿರುಕುಳ. ಖರ್ಚು ಹೆಚ್ಚೆನಿಸಿದರೆ ತೊಳೆದು ಒಣಗಿಸಿದ ಮರಳೂ ಆಗುತ್ತದೆ, ಆದರೆ ಮೂತ್ರ ತಳಕ್ಕಿಳಿಯುವುದರಿಂದ ಎರಡು ಮೂರು ದಿನಗಳಿಗೊಮ್ಮೆ ಪೂರ್ತಿ ಬದಲಿಸಬೇಕು. ಬೆಂಟೊನೈಟ್ ಉಂಡೆಗಳನ್ನು ಕಮೋಡಿಗೆ ಸುರಿದರೆ ಉಬ್ಬಿ ಪೈಪು ಕಟ್ಟಿಕೊಳ್ಳುತ್ತದೆ.

ಟ್ರೇಯ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು ಇರಬೇಕು. 45 ಸೆಂ.ಮೀ. ಉದ್ದದ ಬೆಕ್ಕಿಗೆ ಸುಮಾರು 68 ಸೆಂ.ಮೀ. ಎಂದಾಯಿತು. ಅಂಗಡಿಯ ಎಷ್ಟೋ ಟ್ರೇಗಳು ಇದಕ್ಕಿಂತ ಚಿಕ್ಕವು. ಬಟ್ಟೆ ತುಂಬುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ಅಂಚು ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯ ಟ್ರೇ ಬೇರಿಲ್ಲ. ಎಷ್ಟು ಬೆಕ್ಕುಗಳೋ ಅದಕ್ಕೆ ಒಂದು ಹೆಚ್ಚು ಟ್ರೇ ಇರಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಅವು ಬೇರೆ ಬೇರೆ ಕಡೆ ಇರಬೇಕು. ಸಾಲಾಗಿ ಇಟ್ಟ ಮೂರು ಟ್ರೇಗಳನ್ನು ಜೋರಾದ ಒಂದು ಬೆಕ್ಕು ಬಾಗಿಲಲ್ಲಿ ಕುಳಿತೇ ಕಾಯಬಲ್ಲದು, ಅಂಜುವ ಬೆಕ್ಕು ಸೋಫಾದ ಹಿಂದೆ ಹೋಗುತ್ತದೆ. ದಿನಕ್ಕೆ ಒಮ್ಮೆಯಾದರೂ ಟ್ರೇಯ ಕೊಳೆ ತೆಗೆಯಬೇಕು, ಎರಡು ಸಲವಾದರೆ ಉತ್ತಮ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸವನ್ನು ಬೇರೆಯವರು ಮಾಡಬೇಕು. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು, ಹಾಗಾಗಿ ಪ್ರತಿದಿನ ತೆಗೆಯುವ ಮನೆಯಲ್ಲಿ ಬೆಕ್ಕನ್ನು ಹೊರಗೆ ಹಾಕುವ ಅಗತ್ಯವಿಲ್ಲ.

ಜಾಗದ ಆಯ್ಕೆಯಲ್ಲಿ ನಮ್ಮ ಫ್ಲ್ಯಾಟುಗಳು ಎಡವುವುದು ಯುಟಿಲಿಟಿಯಲ್ಲಿ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಪೊರಕೆ ಇಡುವ ಆ ಕಿರಿದಾದ ಜಾಗದಲ್ಲೇ ಟ್ರೇಯೂ ಸೇರುತ್ತದೆ. ಬೆಕ್ಕು ಕೂತಾಗ ವಾಷಿಂಗ್ ಮೆಷಿನ್ ಗಡಗಡನೆ ತಿರುಗಿದರೆ ಒಂದೇ ಅನುಭವ ಸಾಕು. ನಮ್ಮ ಮನೆಯಲ್ಲಿ ಆರು ವರ್ಷದ ಹೆಣ್ಣು ಬೆಕ್ಕು ಇದ್ದಕ್ಕಿದ್ದಂತೆ ಟ್ರೇ ಬಿಟ್ಟು ಅತ್ತೆಯವರ ಹಾಸಿಗೆ ಹಿಡಿದಾಗ, ಅವರು ಊರಿಂದ ಬಂದದ್ದು ಅದಕ್ಕೆ ಸರಿಬರಲಿಲ್ಲ, ಸೇಡು ತೀರಿಸಿಕೊಳ್ಳುತ್ತಿದೆ ಎಂದು ನಾವೆಲ್ಲ ನಂಬಿದೆವು. ಪರೀಕ್ಷೆಗಳಲ್ಲಿ ಕಾಯಿಲೆ ಕಾಣಲಿಲ್ಲ. ಎರಡು ತಿಂಗಳ ನಂತರ ತಿಳಿದದ್ದು ಇಷ್ಟು: ಅತಿಥಿಗಳಿರುವ ಮನೆ ಚೊಕ್ಕಟವಾಗಿರಲೆಂದು ಆ ವಾರದಿಂದ ಟ್ರೇಯನ್ನು ದಿನವೂ ಫಿನಾಯಿಲ್‌ನಲ್ಲಿ ತೊಳೆಯಲಾಗುತ್ತಿತ್ತು. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮ, ಅದಕ್ಕೆ ಆ ಟ್ರೇ ಮುಚ್ಚಿದ ಬಾಗಿಲಿನಂತೆ ಆಗಿತ್ತು. ಬೆಕ್ಕಿಗೆ ಸೇಡಿನ ಲೆಕ್ಕ ಗೊತ್ತಿಲ್ಲ. ಮೂತಿಯನ್ನು ಕಲೆಗೆ ಒತ್ತಿ ಬೈಯುವುದರಿಂದ ಅದು ಕಲಿಯುವುದು ನಮ್ಮ ಎದುರಿಗೆ ಮೂತ್ರ ಮಾಡಬಾರದೆಂಬುದನ್ನು ಮಾತ್ರ, ಮುಂದೆ ಅದು ಮಂಚದ ಕೆಳಗಿನ ಕತ್ತಲೆಯನ್ನು ಆರಿಸಿಕೊಳ್ಳುತ್ತದೆ.

ಮರಳಿ ಟ್ರೇಗೆ ತರುವ ದಾರಿಯಲ್ಲಿ ಬೆಕ್ಕು ಆರಿಸಿಕೊಂಡ ಜಾಗವನ್ನೇ ಗೌರವಿಸುವುದು ಮೊದಲ ಹೆಜ್ಜೆ. ತೊಳೆದ ಆ ಮೂಲೆಯಲ್ಲೇ ಹೊಸ ಟ್ರೇ ಇಟ್ಟು, ಕೆಲವು ವಾರ ನೆಮ್ಮದಿಯಿಂದ ಬಳಸಿದ ಮೇಲೆ, ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಸರಿಸದೆ ಬೇಕಾದ ಕಡೆಗೆ ಒಯ್ಯಬೇಕು. ಟ್ರೇ ಇಡಲಾಗದ ಜಾಗವಾದರೆ ಅಲ್ಲಿ ಊಟದ ಬಟ್ಟಲು ಇಡಬಹುದು, ಉಣ್ಣುವಲ್ಲಿ ಮೂತ್ರ ಮಾಡಲು ಬೆಕ್ಕು ಸಾಮಾನ್ಯವಾಗಿ ಒಪ್ಪುವುದಿಲ್ಲ. ಯಾವ ಲಿಟರ್ ಬೇಕೆಂದು ತಿಳಿಯದಿದ್ದರೆ ಎರಡು ಟ್ರೇಗಳಲ್ಲಿ ಎರಡು ಬಗೆ ಹಾಕಿ ವಾರವೊಂದು ನೋಡಬೇಕು. ಹಾಸಿಗೆಯನ್ನೇ ಬಯಸುವ ಬೆಕ್ಕಿಗೆ ಬಹಳ ನುಣ್ಣಗಿನದು, ಬಚ್ಚಲ ಜಾಲರಿಯ ಬಳಿಯೇ ಹೋಗುವ ಬೆಕ್ಕಿಗೆ ತೆಳುವಾಗಿ ಹರಡಿದ ಅಥವಾ ಒಂದು ತುದಿಯಲ್ಲಿ ಬರಿದಾಗಿ ಬಿಟ್ಟ ಟ್ರೇ ಹಿಡಿಸಬಹುದು. ಹೂಕುಂಡಕ್ಕೆ ಹೋಗುವ ಬೆಕ್ಕಿಗೆ ಲಿಟರ್ ಮೇಲೆ ಒಂದು ಹಿಡಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿ ಆರಂಭಿಸಬಹುದು. ಇದಾವುದೂ ಆಗದಿದ್ದರೆ ಚಿಕ್ಕ ಕೋಣೆಯೊಂದರಲ್ಲಿ ಟ್ರೇ, ನೀರು, ಊಟ, ಮಲಗಲು ಪೆಟ್ಟಿಗೆ ಇಟ್ಟು ಕೆಲವು ದಿನ ಅಲ್ಲೇ ಇರಿಸಿ, ತಪ್ಪದೆ ಬಳಸತೊಡಗಿದ ಮೇಲೆ ಒಂದೊಂದಾಗಿ ಬಾಗಿಲು ತೆರೆಯಬೇಕು. ಆ ದಿನಗಳಲ್ಲಿ ಮನೆಯವರು ಒಳಗೆ ಹೋಗಿ ಅದರೊಂದಿಗೆ ಕೂರಬೇಕು, ಇಲ್ಲದಿದ್ದರೆ ಅದು ಸೆರೆವಾಸವಾಗುತ್ತದೆ.

ನಮ್ಮ ಬೆಕ್ಕಿನ ಹಳೆಯ ಟ್ರೇಯನ್ನು ಬಿಸಿನೀರಿನಲ್ಲಿ ಎಷ್ಟು ತೊಳೆದರೂ ಗೀರುಗಳೊಳಗಿನ ಫಿನಾಯಿಲ್ ವಾಸನೆ ಹೋಗಲಿಲ್ಲ, ಅದನ್ನು ಎಸೆಯಬೇಕಾಯಿತು. ಹೊಸದನ್ನು ಅತ್ತೆಯವರ ಕೋಣೆಯಲ್ಲೇ, ಬೀರುವಿನ ಪಕ್ಕ ಇಟ್ಟೆವು. ಹನ್ನೊಂದನೆಯ ದಿನದಿಂದ ಹಾಸಿಗೆ ಒಣಗಿಯೇ ಇದೆ. ಟ್ರೇಯನ್ನು ಅಲ್ಲಿಂದ ಸರಿಸುವುದು ಬೇಡವೆಂದು ಹೇಳಿದವರು ಅತ್ತೆಯವರೇ. ಈಗ ಬೆಳಗ್ಗೆ ಕಾಫಿಗೆ ಮೊದಲು ಅದನ್ನು ತೊಳೆಯುವವರೂ ಅವರೇ, ಬರೀ ನೀರು ಮತ್ತು ಒಂದು ಹನಿ ವಾಸನೆಯಿಲ್ಲದ ಸೋಪಿನಲ್ಲಿ.